ಕುಂಟಿ ಬಂದವನ ಪರವಾಗಿ

ಪೋಕರ್ ಮೇಜಿನಲ್ಲಿ ಇಬ್ಬರೇ ಉಳಿದಾಗ ಬಟನ್ ಮೇಲೆ, ಅಂದರೆ ಎಲೆ ಹಂಚುವವನ ಜಾಗದಲ್ಲಿ, ಕೂತವನು ಏನು ಮಾಡಬೇಕು? ಈ ಪ್ರಶ್ನೆ ಬಗೆಹರಿದಿದೆ ಎನ್ನುವವರ ದನಿಯೇ ಈಗ ದೊಡ್ಡದು. ನೂರಕ್ಕೆ ಎಂಬತ್ತು ಕೈಗಳನ್ನು ಏರಿಸು, ಉಳಿದದ್ದನ್ನು ಪ್ಯಾಕ್ ಮಾಡು. ಏರಿಸದೆ ಬರೀ ಬ್ಲೈಂಡ್ (ಎಲೆ ನೋಡುವ ಮೊದಲೇ ಇಡಲೇಬೇಕಾದ ಪಣ) ತುಂಬಿ ಒಳಗೆ ಬರುವುದು, ಆಟಗಾರರ ಬಾಯಲ್ಲಿ ‘ಲಿಂಪ್’, ಅಂದರೆ ಕುಂಟುವುದು, ಪುಕ್ಕಲರ ಕೆಲಸ. ಈ ತೀರ್ಪಿಗೆ ಅವರು ಕರೆಯುವ ಸಾಕ್ಷಿ ಒಂದೇ: ಪೋಕರ್ ಆಡುವ ಯಂತ್ರ ಕ್ಲಾಡಿಕೊ ಕುಂಟಿತು, ಕ್ಲಾಡಿಕೊ ಸೋತಿತು.

ಆ ಸಾಕ್ಷಿ ನಿಲ್ಲುವುದಿಲ್ಲ.

ಮೊದಲು ಎಂಬತ್ತರ ಲೆಕ್ಕ ನೋಡಬೇಕು. ಎರಡೆಲೆಯ ಕೈಗಳು ಒಟ್ಟು 1,326. ಅದರಲ್ಲಿ ನೂರಕ್ಕೆ ಎಂಬತ್ತು ಎಂದರೆ ಸುಮಾರು 1,061. ಬಟನ್‌ನವನ ಅರ್ಧ ಬ್ಲೈಂಡ್ ಆಗಲೇ ಮೇಜಿನ ಮೇಲಿದೆ. ಅವನು ದೊಡ್ಡ ಬ್ಲೈಂಡಿನ ಎರಡು ಪಟ್ಟಿಗೆ ಏರಿಸಿದರೆ ಒಂದೂವರೆ ಗಳಿಸಲು ಒಂದೂವರೆ ಹಾಕಿದ ಹಾಗಾಯಿತು. ಅಷ್ಟರಿಂದಲೇ ಲಾಭ ಬರಬೇಕಾದರೆ ಎದುರಾಳಿ ಎರಡರಲ್ಲಿ ಒಂದು ಸಲಕ್ಕಿಂತ ಹೆಚ್ಚು ಎಲೆ ಎಸೆಯಬೇಕು. ಮೂರು ಪಟ್ಟಿಗೆ ಏರಿಸಿದರೆ ಅದೇ ಒಂದೂವರೆಗೆ ಎರಡೂವರೆ ಹಾಕಿದ ಹಾಗೆ. ಆಗ ನೂರಕ್ಕೆ ಅರವತ್ತೆರಡೂವರೆ ಸಲ ಎಸೆಯಬೇಕು. ಎದುರಾಳಿಯ ಕಡೆಯಿಂದ ನೋಡಿದರೆ, ಎರಡು ಪಟ್ಟಿನ ಏರಿಕೆಗೆ ಅವನು ಮೂರರ ರಾಶಿಗೆ ಇನ್ನೊಂದು ಸೇರಿಸಿದರೆ ಸಾಕು, ನಾಲ್ಕರಲ್ಲಿ ಒಂದು ಪಾಲು ಗೆಲುವಿನ ಆಸೆಯಿದ್ದರೂ ನಷ್ಟವಿಲ್ಲ. ಹೀಗಿರುವಾಗ ಎಷ್ಟು ಕೈ ಆಡಬೇಕೆಂಬುದು ಎಷ್ಟಕ್ಕೆ ಏರಿಸುತ್ತೇವೆ, ಎದುರು ಕೂತವನು ಎಷ್ಟು ಸಲ ಬಿಟ್ಟುಕೊಡುತ್ತಾನೆ, ಇಬ್ಬರ ಮುಂದೆ ಎಷ್ಟು ಚಿಪ್ಸ್ ಇವೆ ಎಂಬ ಮೂರು ಸಂಗತಿಗಳಿಗೆ ಕಟ್ಟುಬಿದ್ದಿದೆ. ಅವನ್ನು ಬಿಟ್ಟು ಎಂಬತ್ತು ಎಂದರೆ ಬೆಳೆಯ ಹೆಸರು ಹೇಳದೆ ಎಕರೆಗೆ ಎಷ್ಟು ಬೀಜ ಎಂದು ಹೇಳಿದಂತೆ.

ಈಗ ಕ್ಲಾಡಿಕೊ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ತುವೊಮಾಸ್ ಸ್ಯಾಂಡ್‌ಹೋಮ್ ತಂಡ ಕಟ್ಟಿದ ಈ ಯಂತ್ರದ ಹೆಸರಿಗೇ ಲ್ಯಾಟಿನ್‌ನಲ್ಲಿ ‘ಕುಂಟುತ್ತೇನೆ’ ಎಂದರ್ಥ. ಮನುಷ್ಯರು ಬೈದು ಬಿಟ್ಟಿದ್ದ ನಡೆಯನ್ನು ಯಂತ್ರ ತಾನಾಗಿ ಲೆಕ್ಕ ಹಾಕಿ ಮತ್ತೆ ಹಿಡಿದಿತ್ತು. ಕಟ್ಟಿದವರು ನಾಚದೆ ಅದನ್ನೇ ಹೆಸರಾಗಿಟ್ಟರು. 2015ರ ಏಪ್ರಿಲ್–ಮೇಯಲ್ಲಿ ಪಿಟ್ಸ್‌ಬರ್ಗ್‌ನ ರಿವರ್ಸ್ ಕ್ಯಾಸಿನೊದಲ್ಲಿ ಡಗ್ ಪೋಲ್ಕ್, ಡಾಂಗ್ ಕಿಮ್, ಜೇಸನ್ ಲೆಸ್, ಬ್ಯೋರ್ನ್ ಲಿ ಒಬ್ಬೊಬ್ಬರಾಗಿ ಅದರೆದುರು ಕೂತರು. ಒಟ್ಟು 80,000 ಕೈ. ಕೊನೆಗೆ ಯಂತ್ರ 7,32,713 ಚಿಪ್ಸ್ ಹಿಂದೆ ಬಿದ್ದಿತ್ತು.

ಎಲ್ಲರೂ ಉದ್ಧರಿಸುವುದು ಈ ಒಟ್ಟು ಮೊತ್ತವನ್ನೇ. ಬಿಡಿಸಿ ನೋಡುವ ತಾಳ್ಮೆ ಇದ್ದರೆ ಬೇರೆಯೇ ಚಿತ್ರ ಕಾಣುತ್ತದೆ. ಲಿ ಒಬ್ಬರೇ 5,29,033 ಗೆದ್ದಿದ್ದರು. ಪೋಲ್ಕ್ 2,13,671, ಕಿಮ್ 70,491. ಜೇಸನ್ ಲೆಸ್ 80,482 ಸೋತರು. ಜಗತ್ತಿನ ಆಯ್ದ ನಾಲ್ವರಲ್ಲಿ ಒಬ್ಬರು ಈ ಕುಂಟನ ಮುಂದೆ ಸೋತೆದ್ದರು, ಇನ್ನೊಬ್ಬರು ಅಲ್ಪ ಅಂತರದಲ್ಲಿ ಪಾರಾದರು. ಲಿಂಪ್ ಎಂಬುದು ಅಷ್ಟು ದೊಡ್ಡ ಅಪರಾಧವಾಗಿದ್ದರೆ ನಾಲ್ವರೂ ಅದನ್ನು ಒಂದೇ ಅಳತೆಯಲ್ಲಿ ದಂಡಿಸಬೇಕಿತ್ತು.

ಕ್ಲಾಡಿಕೊ ಎಡವಿದ್ದು ಒಳಗೆ ಬಂದ ಮೇಲೆ. 700ರ ರಾಶಿಗೆ 19,000 ಒಡ್ಡುವಂಥ ಪಣಗಳು ಅದರ ಆಟದಲ್ಲಿದ್ದವು; ಅಂಥದ್ದನ್ನು ಮನುಷ್ಯ ಮಾಡಲಾರ ಎಂದು ಪೋಲ್ಕ್ ಹೇಳಿದ್ದು ಆಮೇಲೆ ಬಹಳ ಸುತ್ತಾಡಿತು. ಎದುರಾಳಿ ತನ್ನ ಲೆಕ್ಕದ ಮರದಲ್ಲಿಲ್ಲದ ಮೊತ್ತವನ್ನು ಒಡ್ಡಿದರೆ ಅದು ಹತ್ತಿರದ ಯಾವುದೋ ಮೊತ್ತಕ್ಕೆ ಹೊಂದಿಸಿಕೊಂಡು ಆಡುತ್ತಿತ್ತು, ಆ ಸಂದಿಯಲ್ಲಿ ಚಿಪ್ಸ್ ಸೋರುತ್ತಿದ್ದವು. ಬಾಗಿಲಲ್ಲಿ ಮೆಲ್ಲಗೆ ಹೆಜ್ಜೆಯಿಟ್ಟು ಅಡುಗೆಮನೆಯಲ್ಲಿ ಜಾರಿಬಿದ್ದವನಿಗೆ ಹೊಸಿಲಿನದೇ ತಪ್ಪು ಎಂದ ಹಾಗಿದೆ ಈ ತೀರ್ಪು. 2017ರ ಜನವರಿಯಲ್ಲಿ ಅದೇ ತಂಡದ ಲಿಬ್ರೇಟಸ್ 1,20,000 ಕೈಗಳಲ್ಲಿ ನಾಲ್ವರು ವೃತ್ತಿಪರರನ್ನು 17,66,250 ಚಿಪ್ಸ್‌ನಿಂದ ಸೋಲಿಸಿತು. ಅದು ಬಿಗಿಗೊಳಿಸಿದ್ದರಲ್ಲಿ ಮುಖ್ಯವಾದದ್ದು ಕೊನೆಯ ಸುತ್ತುಗಳ ಲೆಕ್ಕ. ಎದುರಾಳಿಯ ವಿಚಿತ್ರ ಮೊತ್ತಗಳಿಗೆ ಆ ಹೊತ್ತಿನಲ್ಲೇ ಹೊಸದಾಗಿ ಉತ್ತರ ಹುಡುಕುವುದನ್ನು ಅದು ಕಲಿತಿತ್ತು.

ಸೆಫಿಯಸ್ ಎಂಬ ಇನ್ನೊಂದು ಪೋಕರ್ ಯಂತ್ರದ ಕಥೆ ಬೇರೆ, ಅದನ್ನು ಒಪ್ಪಿಕೊಳ್ಳಲೇಬೇಕು. ಅಲ್ಬರ್ಟಾ ವಿಶ್ವವಿದ್ಯಾಲಯದ ಮೈಕೆಲ್ ಬೌಲಿಂಗ್ ತಂಡ 2015ರ ಜನವರಿಯಲ್ಲಿ ಪ್ರಕಟಿಸಿದ ಆ ಯಂತ್ರದ ಲೆಕ್ಕಕ್ಕೆ 4,800 ಪ್ರೊಸೆಸರುಗಳು ಎರಡು ತಿಂಗಳಿಗೂ ಮೀರಿ ದುಡಿದಿದ್ದವು. ಅದು ಬಟನ್‌ನಿಂದ ಕುಂಟುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೆ ಅದು ಲಿಮಿಟ್ ಆಟ, ಏರಿಕೆಯ ಮೊತ್ತ ಕಟ್ಟುನಿಟ್ಟು. ಮೊತ್ತವೇ ಪ್ರಶ್ನೆಯಾಗದ ಆಟದಿಂದ ಮೊತ್ತವೇ ಪ್ರಾಣವಾದ ಆಟಕ್ಕೆ ನಿಯಮ ಎತ್ತಿಕೊಂಡು ಬರುವುದು ಸಲ್ಲದು. ಎಂಬತ್ತರ ಶಾಲೆಯವರು ನೆಚ್ಚಿಕೊಂಡ ಸಾಲ್ವರುಗಳೇ, ಅಂದರೆ ಆಟದ ಲೆಕ್ಕ ಬಿಡಿಸುವ ತಂತ್ರಾಂಶಗಳೇ, ಚಿಪ್ಸ್ ಇಪ್ಪತ್ತು ಬ್ಲೈಂಡಿಗೆ ಇಳಿದಾಗ, ಬಟನ್‌ನ ಕೈಗಳಲ್ಲಿ ದೊಡ್ಡ ಪಾಲನ್ನು ಏರಿಸದೆ ಕುಂಟಿಸಿಯೇ ಒಳಗೆ ತರುತ್ತವೆ. ಟೂರ್ನಿಗಳ ಕೊನೆಯ ಇಬ್ಬರು ಎಷ್ಟೋ ಸಲ ಎದುರಾಗುವುದು ಆ ಆಳದಲ್ಲೇ. ಲಿಂಪ್ ಸತ್ತಿದೆ ಎಂದವರು ಈ ಪುಟವನ್ನು ತಿರುವಿಲ್ಲ.

ಗದಗ ಸೀಮೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು. ಹಿರೇಹಂದಿಗೋಳದಿಂದ ಮುಂಡರಗಿಯವರೆಗೆ ಪಂಚಮಿ ಎಂದರೆ ಜೋಕಾಲಿ, ಉಂಡಿ, ನಿಂಬಿಹಣ್ಣು ಎಸೆಯುವ ಪಂದ್ಯ. ಅದರ ಜೊತೆಗೇ ಎಲಿ ಆಟ. ಮೂರೆಲೆಯಲ್ಲಿ ಎಲೆ ನೋಡದೆ ಬ್ಲೈಂಡ್ ಆಡುವವನು ನೋಡಿದವನ ಅರ್ಧ ಕೊಟ್ಟರೆ ಸಾಕು. ಅಗ್ಗದಲ್ಲಿ ಒಳಗಿರುವ ಅವನನ್ನು ಯಾರೂ ಪುಕ್ಕಲ ಎನ್ನುವುದಿಲ್ಲ, ನೋಡಿ ಆಡುವವರೇ ಅವನಿಗೆ ಹೆದರುತ್ತಾರೆ. ಪ್ರತಿ ಸುತ್ತಿಗೂ ಅವರ ಕಿಸೆಯಿಂದ ಎರಡು ಪಟ್ಟು ಹೋಗುತ್ತಿರುತ್ತದೆ, ಅವನ ಕೈಯಲ್ಲಿ ಏನಿದೆಯೆಂದು ಅವನ ಮುಖ ನೋಡಿದರೂ ತಿಳಿಯದು. ಇಬ್ಬರೇ ಉಳಿದ ಮೇಲಷ್ಟೇ ‘ಶೋ’ ಕೇಳಬಹುದು. ಕಡಿಮೆ ಕೊಟ್ಟು ಒಳಗೆ ಬರುವುದು ಒಂದು ಬಲ ಎಂಬ ತಿಳಿವಳಿಕೆ ಈ ಆಟದ ಕಟ್ಟಿನಲ್ಲೇ ಇದೆ. ಪೋಕರ್ ಬರೆಹಗಾರರು ಅದನ್ನು ಬರೀ ಜೂಜೆಂದು ದೂರವಿಟ್ಟು ದೊಡ್ಡ ಪಾಠವೊಂದನ್ನು ಕಳೆದುಕೊಂಡಿದ್ದಾರೆ.

ಜೂಜೋ ಕೌಶಲವೋ ಎಂಬ ಜಗಳಕ್ಕೂ ಇದು ತಾಗುತ್ತದೆ. ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡಬೇಕು, ಕಟ್ಟುವುದಕ್ಕೂ ಬಿಡುವುದಕ್ಕೂ ಜಾಣ್ಮೆ ಬೇಕು ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಕೌಶಲದ ಆಟವಾಗಿ ಆಡಿದರೆ ಪೋಕರ್‌ಗೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. 2021ರ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯ ಕಲಮುಗಳನ್ನು 2022ರ ಫೆಬ್ರವರಿ 14ರಂದು ಅದೇ ನ್ಯಾಯಾಲಯ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ, ಹಣವಿಟ್ಟು ಆನ್‌ಲೈನ್‌ನಲ್ಲಿ ಆಡುವ ಆಟಗಳನ್ನು ಕೌಶಲ–ಅದೃಷ್ಟ ಎಂದು ಬೇರ್ಪಡಿಸದೆ ನಿಷೇಧಿಸಿತು. ಮನೆ–ಮಠ ಕಳೆದುಕೊಂಡವರ ಸಂಕಟ ಆ ಕಾಯ್ದೆಯ ಹಿಂದಿದೆ, ಅದನ್ನು ಹಗುರ ಮಾಡುವಂತಿಲ್ಲ. ಆದರೆ ಪೋಕರ್ ಕೌಶಲದ ಆಟ ಎಂದು ವಾದಿಸಿದವರೇ ಆ ಕೌಶಲವನ್ನು ಬಾಯಿಪಾಠದ ಪಟ್ಟಿಗೆ ಇಳಿಸಿದಾಗ ತಮ್ಮ ವಾದದ ಬುಡವನ್ನು ತಾವೇ ಸಡಿಲಗೊಳಿಸಿದರು.

ಪಟ್ಟಿಯ ಮೋಹ ಪೋಕರ್‌ಗಷ್ಟೇ ಅಂಟಿದ್ದಲ್ಲ. ಪರೀಕ್ಷೆಗೆ ಗೈಡ್, ಸಾಹಿತ್ಯಕ್ಕೆ ಹತ್ತು ಅಂಕದ ಉತ್ತರ, ರಾಗಕ್ಕೆ ಆರೋಹ–ಅವರೋಹದ ಚೀಟಿ. ಗದಗಿನಲ್ಲಿ ಇದಕ್ಕೆ ಎದುರಾದ ಪರಂಪರೆಯೊಂದು ಕಣ್ಣೆದುರೇ ಇದೆ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರವರೆಗೆ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಹುಡುಗರು ಗುರುವಿನೆದುರು ಕೂತು ಕಿವಿಯಿಂದಲೇ ರಾಗ ಕಲಿತರು. ಅಬ್ದುಲ್ ಕರೀಂ ಖಾನರ ಒಂದು ರೆಕಾರ್ಡ್ ಕೇಳಿ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟ ಭೀಮಸೇನ ಜೋಶಿಯವರಿಗೆ ಆ ರೆಕಾರ್ಡಿನ ಸ್ವರಗಳು ಸಾಲಲಿಲ್ಲ. ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಎದುರು ವರ್ಷಗಟ್ಟಲೆ ಕೂತರು. ಆರೋಹ–ಅವರೋಹ ಒಂದು ದಿನದಲ್ಲಿ ಬರುತ್ತದೆ. ಷಡ್ಜದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಪಂಚಮಕ್ಕೆ ಯಾವಾಗ ಏರಬೇಕು ಎಂಬುದು ಆ ಸಂಜೆಯ ತಬಲಾದವನನ್ನು, ಕೇಳುವವರನ್ನು, ತನ್ನ ಉಸಿರನ್ನು ನೋಡಿ ತೀರ್ಮಾನವಾಗಬೇಕು.

ಬಟನ್ ಮೇಲೆ ಕೂತವನಿಗೂ ಹಾಗೆಯೇ. ಎಡವಟ್ಟು ಏಳು–ಎರಡು ಕೈಯಲ್ಲಿದೆ, ಎದುರಿನವನು ಕಳೆದ ಹತ್ತು ಏರಿಕೆಗಳಲ್ಲಿ ಒಂಬತ್ತಕ್ಕೆ ತಿರುಗಿ ಏರಿಸಿದ್ದಾನೆ; ಪಟ್ಟಿ ಏನೇ ಹೇಳಲಿ, ಅದನ್ನು ಎಸೆಯಬೇಕು. ಕೈಯಲ್ಲಿ ಎಂಟು–ಆರು ಒಂದೇ ಬಣ್ಣದವು, ಚಿಪ್ಸ್ ಹದಿನೆಂಟೇ ಬ್ಲೈಂಡ್, ಎದುರಿನವನು ಏರಿಸಿದರೆ ಸಾಕು ಎಲ್ಲವನ್ನೂ ಒಡ್ಡುವವನು. ಆಗ ಉಳಿದರ್ಧ ಬ್ಲೈಂಡ್ ಮುಂದಕ್ಕೆ ಸರಿಸಿ ಮೇಜಿನ ಮೇಲೆ ಬೀಳುವ ಮೂರೆಲೆ ನೋಡುವವನನ್ನು ಪುಕ್ಕಲ ಎನ್ನಲು ಬರುವುದಿಲ್ಲ.