ಒರಟು ಉಳಿಸುವ ಕೈ

ಹಸುವಿಗೆ ಮೆಲುಕಿನ ಎರಡನೇ ಅವಕಾಶವಿದೆ, ಕುದುರೆಗಿಲ್ಲ. ಹುಲ್ಲು ನುಣ್ಣಗಾಗುವುದೇನಿದ್ದರೂ ಮೊದಲ ಸುತ್ತಿನಲ್ಲೇ ಆಗಬೇಕು. ಅದಕ್ಕೆಂದೇ 24 ದವಡೆ ಹಲ್ಲುಗಳು, ಸಾಲಿಗೆ ಆರರಂತೆ, ಸಂದಿಲ್ಲದೆ ಒತ್ತಿ ನಿಂತಿವೆ. ಪ್ರಾಯದ ಕುದುರೆಯ ಹಲ್ಲಿನ ಬಹುಪಾಲು ದವಡೆಯೊಳಗೇ ಹುದುಗಿರುತ್ತದೆ. ಮೇಲೆ ತೇಯ್ದಷ್ಟೂ ವರ್ಷಕ್ಕೆ 2-3 ಮಿಲಿಮೀಟರ್‌ನಂತೆ ಹೊರಬರುತ್ತದೆ.

ನನಗೆ ಎಷ್ಟು ನೋಡಿದರೂ ಸಾಲದೆನಿಸುವುದು ಆ ಹಲ್ಲಿನ ಅರೆಯುವ ಮೈ. ಗಟ್ಟಿ ಎನಾಮೆಲ್, ಅದಕ್ಕಿಂತ ಮೆದುವಾದ ಡೆಂಟಿನ್ ಮತ್ತು ಸಿಮೆಂಟಮ್, ಮೂರೂ ಮಡಿಕೆ ಮಡಿಕೆಯಾಗಿ ಹೆಣೆದುಕೊಂಡಿವೆ. ಮೆದುವಾದದ್ದು ಬೇಗ ಸವೆದು ತಗ್ಗಾಗುತ್ತದೆ, ಎನಾಮೆಲ್ ಏಣಾಗಿ ಉಳಿಯುತ್ತದೆ. ಬೀಸುಕಲ್ಲು ನುಣುಪಾದರೆ ಉಳಿ ಹಿಡಿದವನನ್ನು ಕರೆದು ಕುಟ್ಟಿಸಬೇಕು. ಇದು ತನ್ನನ್ನು ತಾನೇ ಕುಟ್ಟಿಕೊಳ್ಳುವ ಕಲ್ಲು.

ತೊಡಕಿರುವುದು ಅಂಚಿನಲ್ಲಿ. ಮೇಲ್ದವಡೆ ಕೆಳದವಡೆಗಿಂತ ಅಗಲ. ಹಾಗಾಗಿ ಮೇಲಿನ ಹಲ್ಲುಗಳ ಕೆನ್ನೆಯ ಬದಿ, ಕೆಳಗಿನವುಗಳ ನಾಲಿಗೆಯ ಬದಿ ಸವೆಯದೆ ಚೂಪಾಗುತ್ತವೆ. ಬಯಲಲ್ಲಿ ದಿನವಿಡೀ ಮೇಯುವ ಕುದುರೆಗಿಂತ ಲಾಯದಲ್ಲಿ ಹುರುಳಿ, ಓಟ್ಸ್ ತಿನ್ನುವ ಕುದುರೆಗೆ ಈ ಕಾಟ ಹೆಚ್ಚು. ಕಾಳು ಅಗಿಯುವಾಗ ದವಡೆ ಅಷ್ಟು ಅಗಲಕ್ಕೆ ಸರಿಯುವುದಿಲ್ಲ. ಕೆನ್ನೆಯೊಳಗೆ ಹುಣ್ಣಾಗುತ್ತದೆ, ಅರೆಬರೆ ಅಗಿದ ಹುಲ್ಲು ಉಂಡೆಯಾಗಿ ಬಾಯಿಂದ ಬೀಳುತ್ತದೆ. ಕಡಿವಾಣ ಎಳೆದೊಡನೆ ಕುದುರೆ ತಲೆ ಕೊಡವುತ್ತದೆ. ಸವಾರ ಅದನ್ನು ಹಟಮಾರಿ ಎನ್ನುತ್ತಾನೆ!

ಆದ್ದರಿಂದಲೇ ವರ್ಷಕ್ಕೊಮ್ಮೆಯಾದರೂ ತಪಾಸಣೆ. ಹಾಲುಹಲ್ಲು ಉದುರುವ ಎಳೆಯ ಕುದುರೆಗಳಿಗೆ ಆರು ತಿಂಗಳಿಗೊಮ್ಮೆ.

ಮಂಪರಿನ ಚುಚ್ಚುಮದ್ದು ಕೊಟ್ಟು, ಬಾಯಿ ತೊಳೆದು, ಕಬ್ಬಿಣದ ಚೌಕಟ್ಟಿನಿಂದ ದವಡೆ ಅಗಲಿಸಿ, ವೈದ್ಯ ಹಣೆಗೆ ದೀಪ ಕಟ್ಟಿಕೊಂಡು ಕೈ ಒಳಗಿಡುತ್ತಾನೆ. ಕಣ್ಣು ತಲುಪದ ಕೊನೆಯ ಹಲ್ಲನ್ನು ಬೆರಳೇ ಓದಬೇಕು. ಆಮೇಲೆ ಉದ್ದ ಹಿಡಿಯ ಅರ. ಮೊದಲ ಎಳೆತಗಳು ತಡವರಿಸುತ್ತವೆ, ಕರಕರ ಎನ್ನುತ್ತವೆ. ಮೊನೆ ಹೋದಂತೆ ಸದ್ದು ಇಳಿದು ಒಂದೇ ಎಳೆಯಾಗುತ್ತದೆ. ಬಿಳಿ ಪುಡಿ ಜೊಲ್ಲಿನೊಂದಿಗೆ ತೊಟ್ಟಿಕ್ಕುತ್ತದೆ. ಆ ಮೊನೆಗಳಿಗೆ ನರವಿಲ್ಲ, ನೋವಿಲ್ಲ. ಆಳಕ್ಕೆ ಹೋದರೆ ಹಲ್ಲಿನ ಜೀವ ಸಿಗುತ್ತದೆ.

ಇಲ್ಲಿ ದೊಡ್ಡ ವಿದ್ಯೆ ಉಜ್ಜುವುದಲ್ಲ, ನಿಲ್ಲಿಸುವುದು. ಮೋಟರಿನ ಅರ ಬಂದ ಮೇಲೆ ಕೆಲಸ ಹಗುರಾಯಿತು, ನಿಜ. ಆದರೆ ಅದರ ವೇಗದಲ್ಲಿ ಹಲ್ಲು ಬಿಸಿಯಾಗುವ ಭಯವಿದೆ, ಇನ್ನಷ್ಟು ಚೆಂದಗಾಣಿಸುವ ಆಸೆಯೂ ಇದೆ. ಅರೆಯುವ ಮೈಯ ಏಣುಗಳನ್ನೆಲ್ಲ ನುಣುಪು ಮಾಡಿಬಿಟ್ಟ ಬಾಯಿ ದೀಪದ ಬೆಳಕಲ್ಲಿ ಬಹಳ ಅಂದ. ಹುಲ್ಲು ಮಾತ್ರ ಅರೆಯದು. ಬಲ್ಲವರು ಅಂಚು ತೀಡಿ ನಡುವಿನ ಒರಟನ್ನು ಹಾಗೇ ಬಿಡುತ್ತಾರೆ.

ಕೊನೆಗೆ ಚೌಕಟ್ಟು ಕಳಚಿ, ಬಾಯಿ ಮುಚ್ಚಿಸಿ, ಕೆಳದವಡೆಯನ್ನು ಎಡಕ್ಕೂ ಬಲಕ್ಕೂ ಸರಿಸಿ ಕೆನ್ನೆಗೆ ಕಿವಿಗೊಡುತ್ತಾರೆ. ಎರಡೂ ಬದಿಯಲ್ಲಿ ಉಜ್ಜಾಟ ಸಮನಾಗಿ ಕೇಳಬೇಕು. ಒಂದು ಬದಿ ಸುಮ್ಮನಿದ್ದರೆ ಅಲ್ಲಿ ಹಲ್ಲುಗಳು ಸರಿಯಾಗಿ ಕೂಡುತ್ತಿಲ್ಲ; ಚೌಕಟ್ಟು ಮತ್ತೆ ಹಾಕಬೇಕು.