ಹೆಸರಿನ ಮುಂದಿನ ‘ಡಾ.’ ಯಾರಿಗೆ ಸಲ್ಲಬೇಕು?

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಒಂದು ಪತ್ರ ಹೊರಡಿಸಿತು. ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಮುಂದೆ ‘ಡಾ.’ ಹಾಕಿಕೊಳ್ಳಬಾರದು, ಅದರಿಂದ ರೋಗಿಗಳು ಮೋಸಹೋಗುತ್ತಾರೆ ಎಂಬುದು ಅದರ ತಿರುಳು. ಮರುದಿನವೇ ಪತ್ರ ವಾಪಸಾಯಿತು. ಒಂದಕ್ಷರದ ಬಗ್ಗೆ ಸರ್ಕಾರಿ ಕಚೇರಿಯೇ ಹೀಗೆ ತಡವರಿಸಿದರೆ, ಹಳಗನ್ನಡದಲ್ಲಿ ಪಿಎಚ್.ಡಿ. ಮಾಡಿದವರನ್ನು ‘ನೀವು ಯಾವ ಕಾಯಿಲೆಗೆ ಔಷಧಿ ಕೊಡ್ತೀರಿ?’ ಎಂದು ಜನ ಕೇಳುವುದರಲ್ಲಿ ಅಚ್ಚರಿಯಿಲ್ಲ.

ಆದರೆ ಆ ಪ್ರಶ್ನೆಯ ಬುಡದಲ್ಲಿರುವ ನಂಬಿಕೆ ತಪ್ಪು. ಮಧ್ಯಯುಗದ ಬೊಲೊನ್ಯಾ, ಪ್ಯಾರಿಸ್ ವಿಶ್ವವಿದ್ಯಾಲಯಗಳಲ್ಲಿ ಕಾನೂನು, ಧರ್ಮಶಾಸ್ತ್ರ ಕಲಿಸುವ ಅರ್ಹತೆ ಗಳಿಸಿದವರೂ ಡಾಕ್ಟರ್‌ಗಳೇ. ನಮ್ಮ ಎಂ.ಬಿ.ಬಿ.ಎಸ್. ಲೆಕ್ಕಕ್ಕೆ ಸ್ನಾತಕ ಪದವಿ. ಅದನ್ನು ಓದಿದವರನ್ನು ಡಾಕ್ಟರ್ ಎನ್ನುವುದು ಬ್ರಿಟಿಷರಿಂದ ಬಂದ ರೂಢಿ. ಬ್ರಿಟನ್ನಿನಲ್ಲಿ ಶಸ್ತ್ರವೈದ್ಯರು ಇವತ್ತಿಗೂ ‘ಮಿಸ್ಟರ್’ ಎಂದೇ ಕರೆಸಿಕೊಳ್ಳುತ್ತಾರೆ. ರೂಢಿ ಗಟ್ಟಿಯಾಗಿದೆ, ವೈದ್ಯರಿಂದ ಅದನ್ನು ಕಿತ್ತುಕೊಳ್ಳಬೇಕೆಂದು ಯಾರೂ ಹೇಳುತ್ತಿಲ್ಲ. ಸಂಶೋಧಕರನ್ನು ಎರವಲುಗಾರರೆಂದು ನೋಡುವುದಷ್ಟೇ ಅನ್ಯಾಯ.

ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಬೇಕು. ಕೋರ್ಸ್‌ವರ್ಕ್ ಮುಗಿಸಬೇಕು, ಪ್ರಬಂಧವನ್ನು ಮಾರ್ಗದರ್ಶಕರ ಜೊತೆಗೆ ಹೊರಗಿನ ಇಬ್ಬರಾದರೂ ಪರೀಕ್ಷಕರು ಓದಬೇಕು, ಆಮೇಲೆ ಮೌಖಿಕ ಪರೀಕ್ಷೆ. ಶಾಸನದ ಒಂದು ಸಾಲು ಓದಲು ಊರೂರು ಅಲೆದವರು, ಫೆಲೋಶಿಪ್ ಹಣಕ್ಕೆ ತಿಂಗಳುಗಟ್ಟಲೆ ಕಾದವರು ಕೊನೆಗೆ ಪಡೆಯುವುದು ಈ ಒಂದಕ್ಷರವನ್ನು. ಕಳಪೆ ಪ್ರಬಂಧಗಳೂ ಪಾಸಾಗುತ್ತವೆ, ನಿಜ. ಅದಕ್ಕೆ ಪರೀಕ್ಷೆ ಬಿಗಿಯಾಗಬೇಕೇ ಹೊರತು ದುಡಿದು ಗಳಿಸಿದವರು ಅದನ್ನು ಮುಚ್ಚಿಡಬೇಕಾಗಿಲ್ಲ.

ವಿಧಾನಸೌಧದ ಮುಂದಿನ ರಸ್ತೆಯ ಹೆಸರು ಡಾ. ಅಂಬೇಡ್ಕರ್ ವೀಧಿ. ಆ ‘ಡಾ.’ ವೈದ್ಯಕೀಯದ್ದಲ್ಲ. 1923ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ ಡಿ.ಎಸ್ಸಿ., 1927ರಲ್ಲಿ ಕೊಲಂಬಿಯಾದಿಂದ ಪಿಎಚ್.ಡಿ.; ಎರಡೂ ಅರ್ಥಶಾಸ್ತ್ರದ್ದು. ಶಾಲೆಯಲ್ಲಿ ನೀರಿನ ಮಡಕೆ ಮುಟ್ಟಲೂ ಬಿಡದ ಸಮಾಜ, ಆ ಹುಡುಗನನ್ನು ಮುಂದೆ ‘ಡಾಕ್ಟರ್’ ಎಂದು ಕರೆಯಬೇಕಾಯಿತು. ಹುಟ್ಟಿನಿಂದ ಮರ್ಯಾದೆ ಸಿಗದವರಿಗೆ ಗಳಿಸಿದ ಬಿರುದು ಎಷ್ಟು ದೊಡ್ಡದೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಬೇಕಿಲ್ಲ.

ಹೆಂಗಸರ ವಿಷಯದಲ್ಲೂ ಅಷ್ಟೇ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಪತ್ರಿಕೆಯೊಂದರ ಲೇಖನ, ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಜಿಲ್ ಬೈಡನ್‌ಗೆ ‘ಡಾ.’ ಬಿಟ್ಟುಬಿಡಿ ಎಂದು ಬುದ್ಧಿ ಹೇಳಿತು. ನಮ್ಮಲ್ಲಿ ಬುದ್ಧಿ ಹೇಳುವ ಗೋಜಿಗೂ ಹೋಗುವುದಿಲ್ಲ. ಸಮಾರಂಭದ ಆಹ್ವಾನಪತ್ರಿಕೆಯಲ್ಲಿ ಗಂಡನಿಗೆ ‘ಡಾ||’, ಅಷ್ಟೇ ಓದಿದ ಹೆಂಡತಿಗೆ ‘ಶ್ರೀಮತಿ’ ಎಂದು ಅಚ್ಚಾಗಿಬಿಡುತ್ತದೆ.

ನಿಜವಾದ ಕೊಳೆ ಇರುವುದು ಬೇರೆ ಕಡೆ. ಹೆಸರೇ ಕೇಳಿರದ ಸಂಸ್ಥೆಗಳು ಹೋಟೆಲ್ ಸಭಾಂಗಣದಲ್ಲಿ ಗೌನು ತೊಡಿಸಿ, ಹಣ ಪಡೆದು ‘ಗೌರವ ಡಾಕ್ಟರೇಟ್’ ಹಂಚುತ್ತವೆ. ಮರುದಿನವೇ ಊರಿನ ವೃತ್ತದಲ್ಲಿ ‘ಡಾ.’ ಸಮೇತ ಫ್ಲೆಕ್ಸ್ ಏಳುತ್ತದೆ. ಮಾನ್ಯ ವಿಶ್ವವಿದ್ಯಾಲಯ ಕೊಟ್ಟರೂ ಗೌರವ ಪದವಿ ಗೌರವವೇ, ಹೆಸರಿನ ಭಾಗವಲ್ಲ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ರಾಜ್‌ಕುಮಾರ್ ಅವರಿಗೆ ಕೊಟ್ಟದ್ದು ಹೆಸರಿಗೆ ಅಂಟಿಕೊಂಡಿತು, ಹಾಗೆ ಅಂಟಿಸಿದ್ದು ಜನರ ಪ್ರೀತಿ. ಆ ಪ್ರೀತಿಯನ್ನು ಎಲ್ಲರೂ ಪೂರ್ವನಿದರ್ಶನ ಮಾಡಿಕೊಳ್ಳಲಾಗದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಗೌರವ ಪದವಿಗೆ ‘ನಾಡೋಜ’ ಎಂದು ಹೆಸರಿಟ್ಟು ಈ ಗೊಂದಲವನ್ನು ಮೊದಲೇ ತಪ್ಪಿಸಿದೆ. ಉಳಿದ ವಿಶ್ವವಿದ್ಯಾಲಯಗಳೂ ಹೀಗೆ ಮಾಡಬಹುದಿತ್ತು.

ಆಸ್ಪತ್ರೆಯ ಮಾತು ಬೇರೆ. ಅಲ್ಲಿ ‘ಡಾ.’ ಎಂಬುದನ್ನು ನಂಬಿ ರೋಗಿ ಮೈ ಒಪ್ಪಿಸುತ್ತಾನೆ. ಜೀವರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವರು ವಾರ್ಡಿಗೆ ಬಂದರೆ ತಾವು ಚಿಕಿತ್ಸೆ ಕೊಡುವವರಲ್ಲ ಎಂದು ಮೊದಲೇ ಹೇಳಬೇಕು, ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಕನ್ನಡದಲ್ಲೇ ಬರೆದಿರಬೇಕು. ಕಾಲೇಜು, ವೇದಿಕೆ, ಪತ್ರಿಕೆಗಳಲ್ಲಿ ಅವರು ಸಂಕೋಚವಿಲ್ಲದೆ ‘ಡಾ.’ ಬಳಸಲಿ. ಸಂಪಾದಕರು, ಸಮಾರಂಭದ ಸಂಘಟಕರು ಹೆಸರು ಅಚ್ಚಿಗೆ ಕಳಿಸುವ ಮುನ್ನ ಒಂದು ಫೋನ್ ಮಾಡಿ ಕೇಳಲಿ: ಯಾವ ವಿಷಯ, ಯಾವ ವಿಶ್ವವಿದ್ಯಾಲಯ, ಯಾವ ವರ್ಷ?