ಗುಳಿಗೆಯೂ ಗುಳೆಯೂ

ರಾಯಚೂರಿನಲ್ಲಿ 2007ರಲ್ಲಿ ಸ್ಥಾಪಿತವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿಯೂ, ದೇವದುರ್ಗ ಮಾನ್ವಿಗಳ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ರಕ್ತದೊತ್ತಡಕ್ಕೆ ಗುಳಿಗೆ ಕೊಡುವ ಕ್ರಮವು ಇಂದು ರೂಢಮೂಲವಾಗಿದೆ. ಚೀಟಿ ಬರೆಸಿ, ತೋಳಿಗೆ ಪಟ್ಟಿ ಕಟ್ಟಿಸಿಕೊಂಡು, ಕೊಟ್ಟ ಮಾತ್ರೆಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಊರಿಗೆ ಮರಳುವ ಈ ಪದ್ಧತಿಯನ್ನು ವಿಮರ್ಶಿಸಹೊರಟವನು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕಾಗುತ್ತದೆ: ಕೊಡುವ ಔಷಧವು ಉತ್ತಮವೇ? ಕೊಡುವ ಕ್ರಮವು ಈ ಸೀಮೆಯ ಜನಜೀವನಕ್ಕೆ ಒಪ್ಪುವಂಥದೇ? ಮೊದಲನೆಯದಕ್ಕೆ ನಿಸ್ಸಂಶಯವಾಗಿ ಹೌದೆನ್ನಬಹುದು. ಎರಡನೆಯದಕ್ಕೆ ಹಾಗೆನ್ನಲು ಮನಸ್ಸು ಹಿಂಜರಿಯುತ್ತದೆ.

ನಮ್ಮ ವೈದ್ಯರು ಬಹುಕಾಲದಿಂದ ಬಲ್ಲ ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ಇಳಿಸುವುದೆಂಬುದನ್ನು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಪ್ರಕಟಿಸಿದರು. ಮುಂಬಯಿಯ ರುಸ್ತುಮ್ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ತಮ್ಮ ಅನುಭವವನ್ನು ಬರೆದು ಲೋಕದ ಗಮನವನ್ನು ಸೆಳೆದರು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಲಾಯಿತು. ನರಗಳ ತುದಿಯಲ್ಲಿ ಸಂಚಿತವಾಗಿದ್ದು ಧಮನಿಗಳನ್ನು ಬಿಗಿಯುವ ನಾರ್‌ಅಡ್ರಿನಲಿನ್ ಎಂಬ ದ್ರವ್ಯವನ್ನು ಅದು ಬರಿದುಮಾಡುತ್ತಿತ್ತು. ಒತ್ತಡವೇನೋ ಇಳಿಯುತ್ತಿತ್ತು; ಕೆಲವರಲ್ಲಿ ಅದರೊಡನೆ ಮನಸ್ಸೂ ಕುಗ್ಗುತ್ತಿತ್ತು. ಅನಂತರ ಬಂದ ಔಷಧಗಳ ಹೆಚ್ಚುಗಾರಿಕೆಯಿರುವುದು, ಇಡೀ ನರವ್ಯೂಹವನ್ನು ಕಲಕದೆ ನಿಯತವಾದ ಒಂದೊಂದು ಸ್ಥಾನದಲ್ಲಿ ಮಾತ್ರ ಕೆಲಸಮಾಡುವ ಅವುಗಳ ಸಂಯಮದಲ್ಲಿ.

ಸರ್ವತ್ರ ಪ್ರಚಲಿತವಾಗಿರುವ ಅಮ್ಲೊಡಿಪಿನ್, ಧಮನಿಗಳ ಗೋಡೆಯಲ್ಲಿರುವ ಸ್ನಾಯುವಿನೊಳಕ್ಕೆ ಕ್ಯಾಲ್ಸಿಯಂ ಪ್ರವೇಶಿಸುವುದನ್ನು ತಗ್ಗಿಸುತ್ತದೆ. ಅದರಿಂದ ಸ್ನಾಯುವಿನ ಬಿಗಿತ ಕಡಿಮೆಯಾಗಿ, ನಾಳವು ಸಡಿಲಗೊಂಡು, ಹೃದಯದ ಶ್ರಮ ಹಗುರವಾಗುತ್ತದೆ. ನಾಳಗಳನ್ನು ಸಂಕುಚಿಸಿ ಉಪ್ಪನ್ನು ದೇಹದಲ್ಲಿ ಹಿಡಿದಿಡಿಸುವ ಆಂಜಿಯೊಟೆನ್ಸಿನ್ನಿನ ಉತ್ಪತ್ತಿಯನ್ನು ಎನಲಾಪ್ರಿಲ್ ಕುಗ್ಗಿಸಿದರೆ, ಟೆಲ್ಮಿಸಾರ್ಟಾನ್ ಅದರ ಪ್ರಭಾವಕ್ಕೆ ಅಡ್ಡನಿಲ್ಲುತ್ತದೆ. ಮೂತ್ರವರ್ಧಕಗಳು ಉಪ್ಪನ್ನೂ ನೀರನ್ನೂ ಹೊರಹಾಕುತ್ತವೆ. ಇವುಗಳಲ್ಲಿ ದೋಷರಹಿತವಾದುದು ಯಾವುದೂ ಇಲ್ಲ: ಅಮ್ಲೊಡಿಪಿನ್ನಿನಿಂದ ಪಾದ ಬಾತುಕೊಳ್ಳುವುದುಂಟು, ಎನಲಾಪ್ರಿಲಿನಿಂದ ಒಣಕೆಮ್ಮು ಹತ್ತುವುದುಂಟು. ಮದ್ದನ್ನು ಬದಲಿಸಿ ಇವನ್ನು ನೀಗಬಹುದೆಂಬ ಮಾತನ್ನು ಮೊದಲೇ ಕೇಳದ ರೋಗಿಯು ಮದ್ದನ್ನೇ ತೊರೆದುಬಿಡುತ್ತಾನೆ.

ತೊರೆಯುವುದಕ್ಕೆ ಇನ್ನೂ ಪ್ರಬಲವಾದ ಕಾರಣವೊಂದುಂಟು. "ತಲಿ ತಿರುಗಿದಾಗ ಒಂದು ಗುಳಿಗಿ ನುಂಗ್ತೀನ್ರಿ, ಈಗ ಆರಾಮ ಅದೀನಿ" ಎನ್ನುವವನ ತರ್ಕವು ಜ್ವರದ ಮದ್ದಿಗೆ ಸಲ್ಲುವ ತರ್ಕ. ಅಮ್ಲೊಡಿಪಿನ್ನಿನ ಅರ್ಧಾಂಶವು ರಕ್ತದಿಂದ ಕಳೆಯಲು 30ರಿಂದ 50 ಗಂಟೆ ಹಿಡಿಯುತ್ತದೆ. ನಿತ್ಯವೂ ಸೇವಿಸಿದರೆ ಸುಮಾರು ವಾರದಲ್ಲಿ ಅದು ರಕ್ತದಲ್ಲಿ ನೆಲೆಗೊಳ್ಳುತ್ತದೆ. ತಲೆ ತಿರುಗಿದ ದಿನ ಮಾತ್ರ ನುಂಗಿದವನಿಗೆ ಅದರ ನಿಜವಾದ ಫಲ ದೊರೆಯಲಾರದು. ಮಾನ್ವಿಯ ಜಗನ್ನಾಥದಾಸರ ಉದರವ್ಯಾಧಿಯು, ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದೊಡನೆ ಶಮನವಾಯಿತೆಂಬ ಐತಿಹ್ಯವನ್ನು ಕೇಳಿ ಬೆಳೆದ ಸೀಮೆಯಿದು. ಇಲ್ಲಿ ಒಮ್ಮೆಲೇ ಗುಣವಾಗುವ ಆಸೆ ಸಹಜವಾದುದೇ. ಆದರೆ ನೋವನ್ನೂ ಕೊಡದ, ಬಿಟ್ಟೂ ಹೋಗದ ಈ ವ್ಯಾಧಿಗೆ ಪ್ರತಿದಿನದ ಅಲ್ಪಪ್ರಸಾದವೊಂದೇ ಗತಿ.

ಈ ಸೀಮೆಯ ದುಡಿಮೆಯೂ ಬಿಸಿಲೂ ಚಿಕಿತ್ಸೆಯನ್ನು ಮತ್ತಷ್ಟು ಜಟಿಲಗೊಳಿಸುತ್ತವೆ. ಭತ್ತದ ನಾಟಿಯಲ್ಲಿ, ಹತ್ತಿ ಬಿಡಿಸುವಲ್ಲಿ ಬಗ್ಗಿ ಬಗ್ಗಿ ಸೊಂಟ ಸೋತವರು ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕಿನಂಥ ನೋವಿನ ಗುಳಿಗೆಯು ದೇಹದಲ್ಲಿ ಉಪ್ಪುನೀರನ್ನು ತಡೆಹಿಡಿದು ಒತ್ತಡದ ಮದ್ದಿನ ಬಲವನ್ನು ಕುಂದಿಸುತ್ತದೆ. ಉಷ್ಣಮಾನವು 40 ಡಿಗ್ರಿಯನ್ನು ಮೀರುವ ಬೇಸಗೆಯಲ್ಲಿ, ಬೆವರಿ ನೀರಾರಿದ ದೇಹದೊಳಗೆ ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟಾನ್, ಮೂತ್ರವರ್ಧಕ, ನೋವಿನ ಗುಳಿಗೆ ಈ ಮೂರೂ ಕೂಡಿದರೆ ಮೂತ್ರಪಿಂಡಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಸಾಕೆನ್ನುತ್ತದೆ. ರೊಟ್ಟಿಯೊಡನೆ ಉಪ್ಪಿನಕಾಯಿ, ಮಂಡಾಳ ಒಗ್ಗರಣೆಯೊಡನೆ ಮಿರ್ಚಿ ಇರುವಲ್ಲಿ ಆ ಮಿತಿಯು ಬೇಗನೆ ದಾಟಿಹೋಗುತ್ತದೆ. ನೋವಿಗೆ ಏನನ್ನು ನುಂಗುತ್ತೀ ಎಂದು ಕೇಳದೆ ಬರೆದ ಚೀಟಿಯು ಅರ್ಧ ಚೀಟಿ.

ಎಲ್ಲಕ್ಕಿಂತ ಗುರುತರವಾದ ಲೋಪವು ಗುಳೆಯ ಕಾಲದಲ್ಲಿ ಪ್ರಕಟವಾಗುತ್ತದೆ. ದೇವದುರ್ಗ, ಮಾನ್ವಿಗಳ ಹಳ್ಳಿಗಳಿಂದ ಎಷ್ಟೋ ಸಂಸಾರಗಳು ಕೂಲಿಗಾಗಿ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋಗಿ ತಿಂಗಳುಗಟ್ಟಲೆ ನಿಲ್ಲುತ್ತವೆ. ರಾಜ್ಯ ಸರ್ಕಾರವು 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯು ಮನೆಬಾಗಿಲಿಗೇ ಹೋಗಿ ಒತ್ತಡವನ್ನು ಅಳೆಯುವ ಶ್ಲಾಘ್ಯವಾದ ಕಲ್ಪನೆ. ಆದರೆ ಬಾಗಿಲಿಗೆ ಬೀಗ ಬಿದ್ದಿರುವ ಊರಿನಲ್ಲಿ ಆ ಕಲ್ಪನೆಗೆ ಕೈಕಾಲಿಲ್ಲ. ಜಲಾಶಯ ತುಂಬಿತೆಂಬ ವಾರ್ತೆಯಿಂದ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನ ಗದ್ದೆ ಹೇಗೆ ನೆನೆಯದೋ, ಹಾಗೆಯೇ ಉಗ್ರಾಣದಲ್ಲಿ ಮಾತ್ರೆಯಿದೆಯೆಂಬ ಲೆಕ್ಕದಿಂದ ಪುಣೆಯ ಕಟ್ಟಡದ ನೆರಳಲ್ಲಿ ಮಲಗಿದ ಕೂಲಿಯ ಧಮನಿ ಸಡಿಲಗೊಳ್ಳದು.

ಪರಿಹಾರವು ದುಸ್ಸಾಧ್ಯವಾದುದಲ್ಲ. ಒತ್ತಡವು ಸ್ಥಿಮಿತಕ್ಕೆ ಬಂದವರಿಗೆ, ಗುಳೆ ಹೊರಡುವ ಮುನ್ನ ಮೂರು ತಿಂಗಳ ಮಾತ್ರೆಯನ್ನು ಒಮ್ಮೆಗೇ ಕೊಡಬಹುದು. ಒಂದು ಹೊತ್ತು ತಪ್ಪಿದರೂ ಬೇಗ ಬಲಗುಂದದ ಅಮ್ಲೊಡಿಪಿನ್ನಿನಂಥ ಮದ್ದಿಗೆ ಅವರಲ್ಲಿ ಆದ್ಯತೆ ನೀಡಬಹುದು. ಅಟೆನೊಲಾಲಿನಂಥದನ್ನು ಸೇವಿಸುವ ಹೃದ್ರೋಗಿಗೆ, ಅದನ್ನು ಹಠಾತ್ತನೆ ನಿಲ್ಲಿಸಿದರೆ ಎದೆನೋವು ಉಲ್ಬಣಿಸಬಹುದೆಂದು ಖಂಡಿತವಾಗಿ ತಿಳಿಸಬೇಕು. ಮದ್ದಿನ ಹೆಸರನ್ನೂ ಪ್ರಮಾಣವನ್ನೂ ಬರೆದ ಪುಸ್ತಕವೊಂದನ್ನು, ಯಾವ ಊರಿನ ವೈದ್ಯನಾದರೂ ಓದಿ ಮುಂದುವರಿಸುವಂತೆ, ರೋಗಿಯ ಕೈಯಲ್ಲಿಡಬೇಕು. ರಸಾಯನಶಾಸ್ತ್ರವು ತನ್ನ ಪಾಲಿನ ಕಾರ್ಯವನ್ನು ಬಹುಮಟ್ಟಿಗೆ ಪೂರೈಸಿದೆ. ಜನರು ಊರಲ್ಲೇ ಇರುವರೆಂದು ಭಾವಿಸಿ ರೂಪಿಸಿದ ವ್ಯವಸ್ಥೆಯನ್ನು, ಊರು ಬಿಡಲೇಬೇಕಾದವರಿಗಾಗಿ ಮರಳಿ ರೂಪಿಸುವವರೆಗೆ, ರಾಯಚೂರು ಸೀಮೆಯ ಈ ಚಿಕಿತ್ಸಾಕ್ರಮವನ್ನು ಒಳ್ಳೆಯ ಔಷಧದ ಅಪೂರ್ಣ ಪ್ರಯೋಗವೆಂದೇ ಎಣಿಸಬೇಕಾಗುತ್ತದೆ.